ನಿಮ್ಮ ದೇವಸ್ಥಾನವನ್ನು ಮಳೆಗಾಲಕ್ಕೆ ಮೊದಲು ಬಿಚ್ಚಿಕೊಂಡು ಹೋಗಿ

ಕನ್ನಡ ಚಲನಚಿತ್ರಗಳ ನಿರ್ಮಾಪಕರು, ನಿರ್ದೇಶಕರು, ಕಲಾ ನಿರ್ದೇಶಕರು ಹಾಗೂ ಚಿತ್ರೀಕರಣಕ್ಕೆ ಸ್ಥಳ ಗೊತ್ತುಮಾಡುವ ವ್ಯವಸ್ಥಾಪಕರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಸಾದರ ವಂದನೆಗಳು. ಶಿರಸಿ ಸೀಮೆಯ ಪ್ರೌಢಶಾಲೆಗಳಲ್ಲಿ ಮೂವತ್ತೊಂದು ವರ್ಷ ಕನ್ನಡ ಕಲಿಸಿ ನಿವೃತ್ತನಾಗಿರುವ ನಾನು ಕಳೆದ ಜನವರಿಯ ಒಂದು ಭಾನುವಾರ ಘಟ್ಟದ ಅಂಚಿನ ಒಂದು ಹಳ್ಳಿಗೆ ಹೋಗಿ ಸಂಜೆಯೊಳಗೆ ಮರಳಿ ಬಂದೆ. ಅಲ್ಲಿ ಕಂಡದ್ದನ್ನು ಮನೆಯವರೊಡನೆ ಹೇಳಿಕೊಂಡು ಸುಮ್ಮನಾಗಬಹುದಿತ್ತು. ಆದರೆ ಯಾರ ಬಳಿ ಹೇಳಬೇಕೆಂದು ತಿಳಿಯದೆ ಆ ಊರಿನವರು ಒಳಗೇ ಇಟ್ಟುಕೊಂಡಿರುವ ಒಂದು ಮಾತನ್ನು, ಸಿನಿಮಾದವರು ಕಟ್ಟಿ ಬಿಚ್ಚದೆ ಬಿಟ್ಟುಹೋದ ದೇವಸ್ಥಾನದ ಸೆಟ್ಟಿನ ಮಾತನ್ನು, ನಿಮ್ಮೆಲ್ಲರ ಮುಂದೆ ಇಡುವುದು ಅಗತ್ಯವೆನಿಸಿದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ. ಒಬ್ಬರು ಮಾಡಿದ ಕೆಲಸಕ್ಕೆ ಎಲ್ಲರಿಗೂ ಏಕೆ ಪತ್ರ ಎಂದು ನೀವು ಕೇಳಬಹುದು. ಆ ಒಬ್ಬರು ಈಗ ಕೈಗೆ ಸಿಗುತ್ತಿಲ್ಲ, ಅದಕ್ಕಾಗಿ.

ಊರಿನ ಹೆಸರನ್ನು ಬರೆಯುತ್ತಿಲ್ಲ. ಚಿತ್ರದ ಹೆಸರನ್ನೂ ಅದನ್ನು ತೆಗೆದ ಸಂಸ್ಥೆಯ ಹೆಸರನ್ನೂ ಬರೆಯುತ್ತಿಲ್ಲ. ಬರೆದರೆ ಮುಂದಿನ ಭಾನುವಾರ ಇನ್ನಷ್ಟು ಕಾರುಗಳು ಅದೇ ಕಣಿವೆಗೆ ಇಳಿಯುತ್ತವೆ ಎಂಬ ಭಯವಿದೆ. ಯಾರನ್ನೋ ಬೀದಿಗೆ ಎಳೆಯಬೇಕೆಂಬ ಇಚ್ಛೆ ಆ ಊರಿನವರಿಗೂ ಇಲ್ಲ. ಓದಿದ ಮೇಲೆ ಇದು ತಮ್ಮದೇ ಎಂದು ಗುರುತು ಹಿಡಿಯಬೇಕಾದವರು ಹಿಡಿಯುತ್ತಾರೆ.

ತಂಗಿಯ ಮಗ ತನ್ನ ಹೆಂಡತಿ ಮತ್ತು ಹತ್ತು ವರ್ಷದ ಮಗಳೊಂದಿಗೆ ಬೆಂಗಳೂರಿನಿಂದ ಬಂದಿದ್ದ. ಬನವಾಸಿಗೆ ಹೋಗೋಣ, ಸೋಂದೆಗೆ ಹೋಗೋಣ, ಶಾಲ್ಮಲೆಯ ಸಹಸ್ರಲಿಂಗ ನೋಡೋಣ ಎಂದು ನಾನು ಹೇಳಿದ ಯಾವುದೂ ಆ ಹುಡುಗಿಗೆ ರುಚಿಸಲಿಲ್ಲ. ಅವಳಿಗೆ ಬೇಕಾಗಿದ್ದುದು ಸಿನಿಮಾದಲ್ಲಿ ಕಂಡ ಊರು, ಅದರಲ್ಲೂ ನಾಯಕಿ ದೀಪ ಹಚ್ಚಿಟ್ಟ ದೇವಸ್ಥಾನ. ಹಾಗಾಗಿ ಬೆಳಿಗ್ಗೆ ಏಳಕ್ಕೆ ಹೊರಟೆವು. ಡಾಂಬರು ಮುಗಿದ ಮೇಲೆ ಮೂರು ಕಿಲೋಮೀಟರ್ ಮಣ್ಣುರಸ್ತೆ. ಅದರ ಮೊದಲ ತಿರುವಿನಲ್ಲಿಯೇ ಹಳದಿ ತಲೆಯ ಮೈಲುಗಲ್ಲೊಂದು ನಿಂತಿತ್ತು. ಹಳದಿ ತಲೆ ರಾಷ್ಟ್ರೀಯ ಹೆದ್ದಾರಿಯ ಗುರುತೆಂದು ಬಲ್ಲವರಿಗೆ ಅಲ್ಲಿಯೇ ನಗು ಬರಬೇಕು. ಅದರ ಮೇಲಿದ್ದ ಊರಿನ ಹೆಸರು ಚಿತ್ರದ್ದು, ಕಿಲೋಮೀಟರಿನ ಲೆಕ್ಕವೂ ಚಿತ್ರದ್ದೇ. ಕಾಲಿನಿಂದ ಮುಟ್ಟಿದರೆ ಅಲುಗಾಡಿತು. ಒಳಗೆ ಥರ್ಮೊಕೋಲ್, ಮೇಲೆ ಸಿಮೆಂಟಿನ ಬಣ್ಣ.

ಬೇಲಿಯ ಉಣಗೋಲು ದಾಟಿ, ತೋಟದ ಏರಿಯ ಮೇಲೆ ನಡೆದು, ಹಳ್ಳದ ಕಿರುಸೇತುವೆಯಾದ ಸಂಕದಿಂದ ಆಚೆಗೆ ಇಳಿದರೆ ಬೆಟ್ಟದ ಬುಡದ ಸಣ್ಣ ಬಯಲಿನಲ್ಲಿ ದೇವಸ್ಥಾನ ಕಾಣಿಸುತ್ತದೆ. ಇಲ್ಲಿ ನಾನೊಂದು ತಪ್ಪೊಪ್ಪಿಗೆ ಮಾಡಿಕೊಳ್ಳಬೇಕು. ಅದು ಸೆಟ್ ಎಂದು ಗೊತ್ತಿದ್ದೂ, ಮುಂದಿನವರು ಚಪ್ಪಲಿ ಬಿಟ್ಟದ್ದನ್ನು ಕಂಡು ನಾನೂ ಬಿಟ್ಟೆ. ಅವರು ಕೈಮುಗಿದಾಗ ನನ್ನ ಕೈಗಳೂ ತಾವಾಗಿಯೇ ಜೋಡಿಕೊಂಡವು. ಜೀವಮಾನದ ಅಭ್ಯಾಸ. ನನ್ನನ್ನು ಎಚ್ಚರಿಸಿದವಳು ಆ ಹುಡುಗಿಯೇ. ಅವಳು ಕಂಬವನ್ನು ಬೆರಳ ಗೆಣ್ಣಿನಿಂದ ಕುಟ್ಟಿದಳು. ಖಾಲಿ ಡಬ್ಬದ ಸದ್ದು ಬಂತು. 'ಅಜ್ಜ, ಒಳಗೆ ಏನೂ ಇಲ್ಲ' ಎಂದಳು.

ಕಟ್ಟಿದವರ ಕೈ ಒಳ್ಳೆಯದು ಎಂಬುದನ್ನು ಒಪ್ಪುತ್ತೇನೆ. ಹತ್ತು ಮಾರು ದೂರದಿಂದ ನೋಡಿದರೆ ನೂರಾರು ವರ್ಷದ ಕಲ್ಲೆಂದೇ ತೋರುತ್ತದೆ. ಪಾಚಿಯನ್ನು ಬಣ್ಣದಲ್ಲಿ ಬರೆದಿದ್ದಾರೆ, ಆಮೇಲೆ ಅದರ ಮೇಲೆ ನಿಜವಾದ ಪಾಚಿಯೂ ಬೆಳೆದಿದೆ. ಆದರೆ ನಮ್ಮ ಸೀಮೆಯ ಹಳ್ಳಿಯ ದೇವಸ್ಥಾನಗಳಿಗೆ ಕೆಂಪುಕಲ್ಲಿನ ಗಿಡ್ಡ ಗೋಡೆ, ಹಂಚಿನ ಇಳಿಜಾರು ಮಾಡು ಇರುವುದು ಬಡತನದಿಂದಲ್ಲ, ಮಳೆಯಿಂದ. ಶಿರಸಿಯಲ್ಲಿ ವರ್ಷಕ್ಕೆ ಸುಮಾರು 2500 ಮಿಲಿಮೀಟರ್ ಮಳೆ ಬೀಳುತ್ತದೆ, ಘಟ್ಟದ ಅಂಚಿನಲ್ಲಿ ಅದಕ್ಕಿಂತ ಹೆಚ್ಚು. ನಿಮ್ಮ ಕಲಾ ವಿಭಾಗದವರು ಅಲ್ಲಿ ಮೂರು ಅಂತಸ್ತಿನ ಗೋಪುರವನ್ನು ಪ್ಲೈವುಡ್ಡು, ಕಬ್ಬಿಣದ ಆಂಗಲ್ಲು, ಪ್ಲಾಸ್ಟರು, ಫೈಬರಿನಲ್ಲಿ ಎಬ್ಬಿಸಿ ಬೇಸಿಗೆಯಲ್ಲಿ ಚಿತ್ರ ತೆಗೆದುಕೊಂಡು ಹೋದರು. ಆಮೇಲೆ ಎರಡು ಮಳೆಗಾಲ ಅದರ ಮೇಲೆ ಹಾದುಹೋಗಿವೆ. ಪ್ಲೈವುಡ್ಡು ನೆನೆದ ಹಪ್ಪಳದಂತೆ ಸುರುಳಿ ಬಿಚ್ಚಿದೆ, ಕಬ್ಬಿಣ ತುಕ್ಕು ಹಿಡಿದಿದೆ, ಗೋಪುರ ಹಳ್ಳದ ಕಡೆಗೆ ವಾಲಿದೆ. ನಾವು ಅಲ್ಲಿದ್ದ ಒಂದು ಗಂಟೆಯಲ್ಲಿಯೇ ಎರಡನೆಯ ಅಂತಸ್ತಿನ ಗೊಂಬೆಯೊಂದರ ತೋಳು ಕಳಚಿ ಮೆಟ್ಟಿಲ ಬಳಿ ಬಿತ್ತು. ಅದೇ ಮೆಟ್ಟಿಲಿನ ಮೇಲೆ ಸ್ವಲ್ಪ ಮೊದಲು ಇಬ್ಬರು ಮಕ್ಕಳನ್ನು ನಿಲ್ಲಿಸಿ ಯಾರೋ ಫೋಟೋ ತೆಗೆದಿದ್ದರು.

ಇದರಿಂದ ಇಪ್ಪತ್ತು ಹೆಜ್ಜೆ ಆಚೆಗೆ, ದೊಡ್ಡ ಹೆಬ್ಬಲಸಿನ ಮರದ ಕೆಳಗೆ, ಆ ಊರಿನ ದೇವತೆ ಚೌಡಿ ಇದ್ದಾಳೆ. ಮೂರು ಕಲ್ಲು, ಒಂದು ಕಟ್ಟೆ, ವರ್ಷಕ್ಕೊಮ್ಮೆ ಕಾಯಿ ಒಡೆಯುವ ಹರಕೆ. ಅಷ್ಟೇ ಅವಳ ವೈಭವ. ಹೊರಗಿನಿಂದ ಬಂದವರಿಗೆ ಅದು ದೇವರೆಂದು ತಿಳಿಯುವ ಬಗೆ ಇಲ್ಲ. ಆ ದಿನ ಕಟ್ಟೆಯ ಮೇಲೆ ಒಂದು ಕುಟುಂಬದವರು ಬುತ್ತಿ ಬಿಚ್ಚಿ ಕುಳಿತಿದ್ದರು, ಒಬ್ಬನು ಕಲ್ಲಿಗೆ ಒರಗಿ ಶೂ ಕಟ್ಟಿಕೊಳ್ಳುತ್ತಿದ್ದನು. ಅದೇ ಜನ ಎದ್ದು ಹೋಗಿ ಪ್ಲಾಸ್ಟರಿನ ದೇವಿಗೆ ಕುಂಕುಮ ಹಚ್ಚಿ, ಹತ್ತು ರೂಪಾಯಿಯ ನೋಟು ಇಟ್ಟು, ಪ್ರದಕ್ಷಿಣೆ ಬಂದರು. ನಾನು ಯಾರನ್ನೂ ಹಳಿಯುತ್ತಿಲ್ಲ, ನಾನೂ ಅವರ ಸಾಲಿನವನೇ. ಆದರೆ ಆ ಊರಿನ ಮುದುಕರೊಬ್ಬರು ಇದನ್ನು ಪ್ರತಿ ಭಾನುವಾರ ತಮ್ಮ ಜಗುಲಿಯಿಂದ ನೋಡುತ್ತಾರೆ ಎಂಬುದನ್ನು ನೀವು ತಿಳಿಯಬೇಕು.

ಬಯಲಿಗೆ ಹತ್ತಿರದ ಮನೆ ಅವರದೇ. ಚಿತ್ರೀಕರಣದ ಮೂರು ವಾರ ಆ ಮನೆಯ ಜಗುಲಿ, ಮಾಳಿಗೆ, ಅಂಗಳ ಎಲ್ಲವೂ ನಿಮ್ಮವರಿಗಿದ್ದವು. ಗುರುತು ಪರಿಚಯವಿಲ್ಲದ ನಮ್ಮನ್ನೂ ಆ ಮನೆಯ ತಾಯಿ ಒಳಗೆ ಕರೆದು ಕುಡಿಯಲು ಆಸರಿಗೆ ಕೊಟ್ಟು, ಊಟಕ್ಕೆ ಏಳಿಸಿ, ಕವಳದ ಬಟ್ಟಲನ್ನು ಮುಂದಿಟ್ಟರು. ಅಪ್ಪೆಹುಳಿಯ ಊಟ ಮುಗಿದ ಮೇಲೆ ನಾನು ಆ ದೇವಸ್ಥಾನದ ಮಾತು ತೆಗೆದೆ. ಯಜಮಾನರು ಸ್ವಲ್ಪ ಹೊತ್ತು ಅಡಿಕೆ ಕತ್ತರಿಸುತ್ತಾ ಇದ್ದು, 'ತೆಗಿಯಲೂ ಆಗ್ತಿಲ್ಲೆ, ಇಟ್ಕಂಬಲೂ ಆಗ್ತಿಲ್ಲೆ' ಎಂದರು. ಅವರು ಆಮೇಲೆ ವಿವರಿಸಿದ್ದನ್ನು ನನ್ನ ಮಾತಿನಲ್ಲಿ ಕ್ರಮವಾಗಿ ಹೇಳುತ್ತೇನೆ.

ಆ ಬಯಲು ಸೊಪ್ಪಿನಬೆಟ್ಟಕ್ಕೆ ಸೇರಿದ್ದು. ಬ್ರಿಟಿಷರ ಕಾಲದಿಂದ ನಮ್ಮ ಜಿಲ್ಲೆಯ ಅಡಿಕೆ ತೋಟಿಗರಿಗೆ, ಘಟ್ಟದ ಮೇಲೆ ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೂ, ಸೊಪ್ಪು, ದರಕು (ಒಣಗಿ ಉದುರಿದ ಎಲೆ) ತರಲೆಂದು ಬಿಟ್ಟುಕೊಟ್ಟ ಅರಣ್ಯ ಅದು. ಅದರ ಸೊಪ್ಪು ನಮ್ಮದು, ನೆಲ ನಮ್ಮದಲ್ಲ. ಕಾಯಂ ಕಟ್ಟಡ ಎಬ್ಬಿಸುವ ಹಕ್ಕು ಅಲ್ಲಿ ತೋಟಿಗನಿಗಿಲ್ಲ. 'ನಾಲ್ಕು ವಾರದ ತಾತ್ಕಾಲಿಕ ರಚನೆ' ಎಂದು ನಂಬಿಸಿ ಕಟ್ಟಿದ್ದು ಎರಡು ವರ್ಷ ನಿಂತಿದೆ. ಈಗ ಹೊಸದಾಗಿ ಬರುವ ಯಾವ ಅಧಿಕಾರಿಯ ಕಣ್ಣಿಗೂ ಅದು ಬೆಟ್ಟ ಅತಿಕ್ರಮಿಸಿ ಕಟ್ಟಿದ ದೇವಸ್ಥಾನವೆಂದು ಕಾಣಬಹುದು, ಕಟ್ಟಿದವರು ಯಾರೆಂದು ಕೇಳಿದರೆ ಬೆರಳು ತಿರುಗುವುದು ಹತ್ತಿರದ ಮನೆಯ ಕಡೆಗೆ. ಯಜಮಾನರ ನಿದ್ದೆ ಕೆಡಿಸಿರುವುದು ಈ ಯೋಚನೆ.

ಹಾಗಾದರೆ ಊರಿನವರೇ ಕೆಡವಬಾರದೇ ಎಂದೆ. ಅವರು ಒಳಗಿನಿಂದ ಒಪ್ಪಂದದ ಕಾಗದ ತಂದರು. ನಾಲ್ಕು ಪುಟ, ಪೂರ್ತಿ ಇಂಗ್ಲಿಷಿನಲ್ಲಿದೆ. ಸಹಿ ಹಾಕಿದವರು ಕನ್ನಡ ನಾಲ್ಕನೆಯ ತರಗತಿ ಓದಿದವರು, ಹಾಕಿಸಿಕೊಂಡವರು ಕನ್ನಡ ಸಿನಿಮಾ ಮಾಡುವವರು. ನಾನು ಎರಡು ಸಲ ಓದಿದೆ. ಸ್ಥಳವನ್ನು ಮೊದಲಿನ ಸ್ಥಿತಿಗೆ ತರಲಾಗುವುದು ಎಂಬ ಒಂದು ಸಾಲು ಇದೆ. ಯಾವಾಗ, ಯಾರು, ತರದಿದ್ದರೆ ಏನು ಎಂಬುದಿಲ್ಲ. ಸೆಟ್ಟಿನ ಸಾಮಗ್ರಿಯೆಲ್ಲ ಸಂಸ್ಥೆಯ ಸ್ವತ್ತು, ಅದಕ್ಕೆ ಹಾನಿಯಾದರೆ ಜಾಗದವರು ಹೊಣೆ ಎಂಬ ಇನ್ನೊಂದು ಸಾಲು ಮಾತ್ರ ಬಹಳ ಸ್ಪಷ್ಟವಾಗಿದೆ. ಈ ಎರಡನೆಯ ಸಾಲನ್ನು ಯಾರೋ ಓದಿ ಹೇಳಿದ್ದರಿಂದ ಊರಿನವರು ಒಂದು ಹಲಗೆಯನ್ನೂ ಮುಟ್ಟುತ್ತಿಲ್ಲ.

ಕಾಗದದಲ್ಲಿರುವ ದೂರವಾಣಿ ಸಂಖ್ಯೆ ಚಾಲ್ತಿಯಲ್ಲಿಲ್ಲ. ಆ ಒಂದು ಚಿತ್ರಕ್ಕಾಗಿಯೇ ಹುಟ್ಟಿದ ಸಂಸ್ಥೆ ಚಿತ್ರ ತೆರೆಕಂಡ ಮೇಲೆ ಬಾಡಿಗೆಯ ಕಚೇರಿಯನ್ನು ಖಾಲಿ ಮಾಡಿದೆ. ಊಟ, ವಸತಿ ಗೊತ್ತುಮಾಡಿದ್ದ ವ್ಯವಸ್ಥಾಪಕರಿಗೆ ತಂಗಿಯ ಮಗನೇ ಜಗುಲಿಯಿಂದ ಕರೆ ಮಾಡಿದ. ತಮ್ಮ ಕೆಲಸ ಮುಹೂರ್ತದಿಂದ ಚಿತ್ರೀಕರಣ ಮುಗಿದು ಕುಂಬಳಕಾಯಿ ಒಡೆಯುವವರೆಗೆ ಮಾತ್ರ ಎಂದು ಅವರು ಸೌಜನ್ಯದಿಂದಲೇ ಹೇಳಿದರು. ಸೆಟ್ ಕಟ್ಟಿದ ಗುತ್ತಿಗೆದಾರರಿಗೆ ಕೊನೆಯ ಕಂತು ಬಂದಿಲ್ಲವಂತೆ, ಬರುವವರೆಗೆ ಬಿಚ್ಚಲು ಆಳು ಕಳಿಸುವುದಿಲ್ಲವಂತೆ. ಅವರ ದೃಷ್ಟಿಯಲ್ಲಿ ಅದೂ ಸರಿಯೇ. ಹೀಗೆ ಎಲ್ಲರೂ ತಮ್ಮ ತಮ್ಮ ಮಟ್ಟಿಗೆ ಸರಿಯಾಗಿದ್ದು, ಗೋಪುರ ಮಾತ್ರ ವಾಲುತ್ತಿದೆ.

ಕಾಗದದಲ್ಲಿ ಇಲ್ಲದ ತೊಡಕೊಂದು ಇದೆ, ನನ್ನ ತಿಳುವಳಿಕೆಯಲ್ಲಿ ಅದೇ ದೊಡ್ಡದು. ಜನ ಪೂಜೆ ಮಾಡಲಾರಂಭಿಸಿದ ಮೇಲೆ ಅದನ್ನು ಕೆಡವಲು ಊರಿನವರಿಗೆ ಕೈ ಬರುತ್ತಿಲ್ಲ. ಯಾರೋ ಒಂದು ಸ್ಟೀಲಿನ ಕಾಣಿಕೆ ಡಬ್ಬಿಯನ್ನು ತಂದಿಟ್ಟು ಹೋಗಿದ್ದಾರೆ. ಅದರ ದುಡ್ಡನ್ನು ಏನು ಮಾಡಬೇಕೆಂದು ಊರಿನಲ್ಲಿ ಎರಡು ಸಭೆಗಳಾಗಿವೆ. ಚೌಡಿಗೆ ಹಾಕೋಣವೆಂದರೆ ಒಪ್ಪದವರಿದ್ದಾರೆ, ಶಾಲೆಗೆ ಕೊಡೋಣವೆಂದರೆ ದೇವರ ದುಡ್ಡು ಎನ್ನುವವರಿದ್ದಾರೆ, ದೇವರೇ ಅಲ್ಲವಲ್ಲ ಎನ್ನುವವರೂ ಇದ್ದಾರೆ. ಪುರೋಹಿತರಾದ ಭಟ್ಟರನ್ನು ಕೇಳಿದರಂತೆ. ಪ್ರತಿಷ್ಠೆಯಾದ ದೇವರನ್ನು ವಿಸರ್ಜಿಸುವ ವಿಧಿ ತನಗೆ ಗೊತ್ತಿದೆ, ಪ್ರತಿಷ್ಠೆಯೇ ಆಗದ ದೇವರನ್ನು ಯಾವ ಮಂತ್ರ ಹೇಳಿ ಕಳಿಸಲಿ ಎಂದು ಅವರು ನಕ್ಕರಂತೆ. ಹೇಳುವಾಗ ಯಜಮಾನರೂ ನಕ್ಕರು. ಆ ತಾಯಿ ನಗಲಿಲ್ಲ.

ಮಾನ್ಯರೇ, ನಿಮಗೆ ಇದು ಸಣ್ಣ ಸಂಗತಿಯಾಗಿ ಕಾಣಬಹುದೆಂಬ ಅನುಮಾನದಿಂದ ಅದರ ಕೆಳಗೆ ಹರಿಯುವ ಹಳ್ಳದ ಮಾತನ್ನೂ ಹೇಳುತ್ತೇನೆ. ಗೋಪುರದ ಅಲಂಕಾರಕ್ಕೆ ಹಚ್ಚಿದ ಥರ್ಮೊಕೋಲ್ ಮಳೆಗೆ ಬಿಡಿಸಿಕೊಂಡು ಕಾಳುಕಾಳಾಗಿ ಉದುರಿದೆ. ಸಂಕದ ಕೆಳಗಿನ ಮಡುವಿನಲ್ಲಿ ಅಕ್ಕಿ ತೊಳೆದು ಚೆಲ್ಲಿದಂತೆ ಬಿಳಿ ಕಾಳುಗಳು ಬೇರುಗಳಿಗೆ ಅಂಟಿಕೊಂಡಿದ್ದವು. ಆ ಹಳ್ಳ ಅಘನಾಶಿನಿಗೆ ಸೇರುತ್ತದೆ. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟಿ, ಎಲ್ಲಿಯೂ ದೊಡ್ಡ ಅಣೆಕಟ್ಟಿಗೆ ಸಿಕ್ಕದೆ ಕುಮಟಾದ ಬಳಿ ಕಡಲು ಸೇರುವ ನದಿ ಅದು. 2024ರ ಜನವರಿಯಲ್ಲಿ ಅದರ ಅಳಿವೆಯನ್ನು ಅಂತರರಾಷ್ಟ್ರೀಯ ಮಹತ್ವದ ರಾಮ್‌ಸಾರ್ ಜೌಗುಪ್ರದೇಶಗಳ ಪಟ್ಟಿಗೆ ಸೇರಿಸಲಾಯಿತು. ಇಳಿತದ ಹೊತ್ತಿನಲ್ಲಿ ಸೊಂಟದವರೆಗೆ ನೀರಿನಲ್ಲಿ ನಿಂತು ಬಳಚು ಎಂಬ ಚಿಪ್ಪುಜೀವಿಯನ್ನು ಹೆಕ್ಕುವ ಜನರೂ, ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಭತ್ತವನ್ನು ಗಜನಿ ಗದ್ದೆಗಳಲ್ಲಿ ಬೆಳೆಯುವವರೂ ಆ ಅಳಿವೆಯಲ್ಲಿದ್ದಾರೆ. ಅವರು ನಿಮ್ಮ ಚಿತ್ರ ನೋಡಿದ್ದಾರೋ ಇಲ್ಲವೋ, ನಿಮ್ಮ ಗೋಪುರದ ಕಾಳುಗಳು ಮಾತ್ರ ಅವರತ್ತ ಹೊರಟಿವೆ.

ಹೆಬ್ಬಲಸಿನ ಮರಕ್ಕೆ ದೀಪದ ತಂತಿ ಕಟ್ಟಲು ಹೊಡೆದ ಮೊಳೆಗಳನ್ನು ಎಣಿಸಿದೆ. ನನ್ನ ಕೈಗೆ ಎಟುಕುವಷ್ಟು ಎತ್ತರದಲ್ಲಿಯೇ ಹದಿನಾಲ್ಕಿದ್ದವು. 1983ರ ಸೆಪ್ಟೆಂಬರಿನಲ್ಲಿ ಸಲ್ಕಣಿಯ ಕಡೆಯ ಜನ ಕೊಡಲಿಗೆ ಅಡ್ಡವಾಗಿ ಮರಗಳನ್ನು ಅಪ್ಪಿಕೊಂಡು ನಿಂತದ್ದು ಇದೇ ಸೀಮೆಯಲ್ಲಿ. ಆಗ ನಾನು ಹೊಸದಾಗಿ ಕಾಲೇಜು ಮುಗಿಸಿದ್ದೆ. ಮೊಳೆಯ ಬಗ್ಗೆ ಇಷ್ಟೇ ಸಾಕು.

ಹೆಸರಿನ ಮಾತು. ಆ ಮೈಲುಗಲ್ಲಿನಿಂದಾಗಿ ಹೋದ ವರ್ಷ ಮದುವೆಯ ದಿಬ್ಬಣದ ಬಸ್ಸೊಂದು ತಪ್ಪು ಕವಲಿಗೆ ಹೋಗಿ, ತಿರುಗಿಸಲು ಜಾಗವಿಲ್ಲದೆ, ಮುಹೂರ್ತದ ಹೊತ್ತಿಗೆ ಹಿಮ್ಮುಖವಾಗಿ ಬರಬೇಕಾಯಿತಂತೆ. ಮೊಬೈಲಿನ ನಕ್ಷೆಯಲ್ಲಿಯೂ ಈಗ ಚಿತ್ರದ ಊರಿನ ಹೆಸರೇ ಮೊದಲು ಕಾಣುತ್ತದೆ. ಕಥೆಗೆ ಕಲ್ಪಿತ ಹೆಸರು ಬೇಕಾಗುತ್ತದೆ ಎಂಬುದನ್ನು ಕನ್ನಡ ಮೇಷ್ಟರಾದ ನಾನು ಅಲ್ಲಗಳೆಯಲಾರೆ. ರಾಮನಗರದ ಬಂಡೆಗಳು 1975ರ 'ಶೋಲೆ'ಯಲ್ಲಿ ರಾಮಗಢವಾದವು, 1980ರ ದಶಕದಲ್ಲಿ ಶಂಕರ್ ನಾಗ್ ಅವರ ಧಾರಾವಾಹಿಗಾಗಿ ಆಗುಂಬೆ ಮಾಲ್ಗುಡಿಯಾಯಿತು. ಆದರೆ ಕಥೆ ಮುಗಿದ ಮೇಲೆ ಹೆಸರನ್ನು ಮರಳಿಸಬೇಕು. ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದಾಗ ಬಂದು ಉಳಿದಿದ್ದ ತರುಣ ರವೀಂದ್ರನಾಥ ಟಾಗೋರರು ತಮ್ಮ ನೆನಪುಗಳನ್ನು ಬರೆಯುವಾಗ ಕಾರವಾರವನ್ನು ಕಾರವಾರವೆಂದೇ ಬರೆದರು, ಕಾಳಿ ನದಿಯ ಮೇಲಿನ ಬೆಳದಿಂಗಳ ದೋಣಿಪಯಣವನ್ನೂ ಸೇರಿಸಿ. ಇಂದು ಆ ಕಡಲತೀರಕ್ಕೆ ಅವರ ಹೆಸರಿದೆ. ಇನ್ನೊಂದು ಬದಿಗೆ ನೋಡಿದರೆ, ನಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರಿನ ಹೆಸರನ್ನು 1957ರಿಂದ ಲೋಕವೆಲ್ಲ ಬಲ್ಲದು, ಮಂಗನ ಕಾಯಿಲೆಯ ಹೆಸರಾಗಿ. ಮಲೆನಾಡಿನ ಹಳ್ಳಿಯ ಹೆಸರನ್ನು ರೋಗಕ್ಕೆ ಇಡಲು ಯಾರೂ ಹಿಂಜರಿಯಲಿಲ್ಲ.

ಕಾಯಿಲೆಯ ಮಾತು ಬಂದದ್ದರಿಂದ ಹೇಳಿಬಿಡುತ್ತೇನೆ: ಜನವರಿಯಿಂದ ಮೇವರೆಗೆ ಆ ಕಾಯಿಲೆ ಹರಡುವ ಉಣುಗುಗಳ ಕಾಲ, ಅದೇ ನಿಮ್ಮ ಚಿತ್ರೀಕರಣದ ಕಾಲವೂ ಹೌದು. ಲಂಗ, ಗಿಡ್ಡ ಚಡ್ಡಿ ತೊಟ್ಟ ಮಕ್ಕಳು ಗೋಪುರದ ಹಿಂಭಾಗದ ದರಕಿನಲ್ಲಿ ಉರುಳಾಡುತ್ತಿದ್ದರು. ಅವರ ತಂದೆತಾಯಿಗೆ ಅದನ್ನು ಹೇಳುವ ಒಂದು ಫಲಕವೂ ಅಲ್ಲಿಲ್ಲ. ಅದೇ ಕಾಲ ಅಡಿಕೆ ಗೊನೆ ಇಳಿಸುವ ಕೊನೆಕೊಯ್ಲಿನದೂ ಹೌದು. ಕೊನೆಗೌಡರು ಮರ ಹತ್ತಿ ಇಳಿಸಿದ ಅಡಿಕೆ ಚಾಲಿಯಾಗಲು ಸುಮಾರು ನಲವತ್ತು ದಿನ ಅಂಗಳದಲ್ಲಿ ಒಣಗಬೇಕು. ಸಿನಿಮಾದ ಅಂಗಳವನ್ನು ನೋಡಲು ಬಂದವರು ಆ ಅಡಿಕೆಯ ಮೇಲೆಯೇ ನಡೆದು ಜಗುಲಿಗೆ ಏರುತ್ತಿದ್ದರು. ನಮ್ಮ ಎದುರೇ ಒಬ್ಬ ತರುಣ ದೇವರ ಕೋಣೆಯವರೆಗೆ ಹೋಗಿ, ಇಲ್ಲಿಯೇ ಅಲ್ಲವೇ ನಾಯಕಿ ಅತ್ತದ್ದು ಎಂದು ಕೇಳಿದ. ಆ ತಾಯಿ, ಅಲ್ಲ, ಪಕ್ಕದ ಬಾಗಿಲು ಎಂದು ತಾಳ್ಮೆಯಿಂದ ತೋರಿಸಿದರು. ಎಷ್ಟನೆಯ ಸಲವೋ.

ಜನರು ಬರುವುದೇ ತಪ್ಪೆಂದು ನಾನು ವಾದಿಸುತ್ತಿಲ್ಲ. 'ಸೊಕ್ಕಿದ್ದವ ಯಾಣಕ್ಕೆ, ರೊಕ್ಕ ಇದ್ದವ ಗೋಕರ್ಣಕ್ಕೆ' ಎಂಬ ಗಾದೆ ನಮ್ಮಲ್ಲಿದೆ. ಮೈಯಲ್ಲಿ ಕಸುವಿದ್ದವನು ಮಾತ್ರ ಯಾಣದ ಕಾಡುದಾರಿ ಸವೆಸಬಲ್ಲ ಎಂಬುದು ಅದರ ಅರ್ಥ. 1990ರ ದಶಕದಲ್ಲಿ 'ನಮ್ಮೂರ ಮಂದಾರ ಹೂವೆ' ಬಂದ ಮೇಲೆ ಯಾಣದ ಹೆಸರು ಮನೆಮಾತಾಯಿತು. 120 ಮೀಟರಿನ ಭೈರವೇಶ್ವರ ಶಿಖರ, 90 ಮೀಟರಿನ ಮೋಹಿನಿ ಶಿಖರಗಳ ಬುಡಕ್ಕೆ ಈಗ ಸೊಕ್ಕಿಲ್ಲದವರೂ ಹೋಗುತ್ತಾರೆ. ಅದರ ಕಷ್ಟಸುಖಗಳನ್ನು ಬೇರೆಯೇ ಬರೆಯಬಹುದು. ಆದರೆ ಆ ಕಪ್ಪು ಬಂಡೆಗಳನ್ನು ಯಾವ ಚಿತ್ರ ಸಂಸ್ಥೆಯೂ ತಂದು ನಿಲ್ಲಿಸಿದ್ದಲ್ಲ, ಯಾರೂ ಬಿಚ್ಚಬೇಕಾಗಿಯೂ ಇಲ್ಲ. ಹೊಸನಗರ ತಾಲ್ಲೂಕಿನ ಅರಸಾಳಿನಲ್ಲಿ ಮಾಲ್ಗುಡಿಯ ಚಿತ್ರೀಕರಣ ನಡೆದ ಹಳೆಯ ರೈಲು ನಿಲ್ದಾಣದ ಕಟ್ಟಡವನ್ನು ದುರಸ್ತಿ ಮಾಡಿ ವಸ್ತುಸಂಗ್ರಹಾಲಯ ಮಾಡಿದ್ದಾರೆ. ಅದು ಮೊದಲೇ ಇದ್ದ ಕಟ್ಟಡ, ಕೇಳುವವರಿಗೆ ಉತ್ತರ ಹೇಳಲು ಒಂದು ಇಲಾಖೆ ಇದೆ. ನಾನು ನೋಡಿದ ಬಯಲಿನಲ್ಲಿ ಉತ್ತರ ಹೇಳುವವರಿಲ್ಲ.

ಆ ಊರಿಗೆ ನಿಮ್ಮಿಂದ ಒಳ್ಳೆಯದೇನೂ ಆಗಿಲ್ಲವೇ ಎಂದರೆ, ಆಗಿದೆ. ಮೂರು ವಾರ ಹಲವರಿಗೆ ಕೂಲಿ ಸಿಕ್ಕಿತು. ಮನೆಯ ಬಾಡಿಗೆಯನ್ನು ಒಪ್ಪಿದಷ್ಟೂ ಕೊಟ್ಟಿದ್ದಾರೆ ಎಂದು ಯಜಮಾನರು ತಾವಾಗಿಯೇ ಹೇಳಿದರು. ಒಬ್ಬ ಹುಡುಗ ರಸ್ತೆಯ ಬದಿಗೆ ಕಬ್ಬಿನ ಹಾಲು, ಮಜ್ಜಿಗೆ ಮಾರುವ ಅಂಗಡಿ ಹಾಕಿದ್ದಾನೆ. ಗೋಪುರ ಹೋದರೆ ವ್ಯಾಪಾರ ಹೋಗುತ್ತದೆಂಬ ಆತಂಕ ಅವನಿಗಿದೆ, ಅದನ್ನು ಮುಚ್ಚಿಟ್ಟು ಬರೆದರೆ ನಾನು ಅಪ್ರಾಮಾಣಿಕನಾಗುತ್ತೇನೆ. ಆದರೆ ಯಾವುದಾದರೂ ಮಗುವಿನ ತಲೆಯ ಮೇಲೆ ಆ ಗೋಪುರ ಬಿದ್ದ ದಿನ ಅವನ ಅಂಗಡಿಯೂ ಉಳಿಯುವುದಿಲ್ಲ ಎಂದಾಗ ಅವನು ಸುಮ್ಮನಾದ.

ನಮ್ಮಲ್ಲಿಗೆ ಯಕ್ಷಗಾನದ ಮೇಳಗಳೂ ಬರುತ್ತವೆ. ಗದ್ದೆಯಲ್ಲಿ ನಾಲ್ಕು ಕಂಬ ನೆಟ್ಟು, ಮಾವಿನ ತೋರಣ ಕಟ್ಟಿ, ಒಂದು ರಾತ್ರಿಯ ಮಟ್ಟಿಗೆ ಅದನ್ನು ಇಂದ್ರಲೋಕವನ್ನೂ ಕುರುಕ್ಷೇತ್ರವನ್ನೂ ಮಾಡುತ್ತಾರೆ. ಬೆಳಗಿನ ಮಂಗಳವಾದ ಮೇಲೆ ಬಣ್ಣ ತೊಳೆದು, ಕಂಬ ಕಿತ್ತು, ಲಾರಿ ಹತ್ತುತ್ತಾರೆ. ನಾನು ಹುಡುಗನಾಗಿದ್ದಾಗ ನಮ್ಮ ಗದ್ದೆಯಲ್ಲಿ ಆಟವಾದ ಮರುದಿನ ಕಂಬದ ಗುಂಡಿಗಳನ್ನು ಹುಡುಕಲು ಹೋಗಿದ್ದೆ, ಸಿಕ್ಕಿರಲಿಲ್ಲ. ಮೇಳದ ಆಳುಗಳು ಅವನ್ನು ತುಳಿದು ಮುಚ್ಚಿದ್ದರು. ನೀವೂ ಅದೇ ಕಸುಬಿನ ದೊಡ್ಡ ಬಳಗದವರು. ಆದ್ದರಿಂದಲೇ ಈ ಮಾತನ್ನು ಹೊರಗಿನವರಿಗೆ ಹೇಳುವಂತೆ ಹೇಳುತ್ತಿಲ್ಲ.

ಮೊದಲ ವಿನಂತಿ ಈ ಸೆಟ್ಟಿಗೆ ಸಂಬಂಧಿಸಿದ್ದು. ಜೂನ್ ಮೊದಲ ವಾರ ಕಳೆದರೆ ಮೃಗಶಿರಾ ಮಳೆ ಹಿಡಿಯುತ್ತದೆ. ಮೂರನೆಯ ಮಳೆಗಾಲವನ್ನು ಆ ಗೋಪುರ ತಾಳುವುದಿಲ್ಲ. ಅದನ್ನು ಕಟ್ಟಿಸಿದವರು ಈ ಪತ್ರವನ್ನು ಓದಿದರೆ ದಯವಿಟ್ಟು ಮೇ ತಿಂಗಳೊಳಗೆ ಬಂದು ಬಿಚ್ಚಿಸಬೇಕು. ಅವರಿಗೆ ಸಾಧ್ಯವಿಲ್ಲವಾದರೆ, ಸಾಮಗ್ರಿಯ ಮೇಲಿನ ಹಕ್ಕನ್ನು ಬಿಟ್ಟುಕೊಟ್ಟಿದ್ದೇವೆ, ಬಿಚ್ಚಿದ್ದಕ್ಕೆ ಊರಿನ ಯಾರನ್ನೂ ಹೊಣೆ ಮಾಡುವುದಿಲ್ಲ, ಈ ಕಟ್ಟಡ ಎಬ್ಬಿಸಿದವರು ನಾವೇ ಎಂದು ಒಂದು ಪುಟ ಬರೆದು ಸಹಿ ಮಾಡಿ ಆ ಮನೆಗೆ ಅಂಚೆಯಲ್ಲಿ ಕಳಿಸಬೇಕು. ಯಜಮಾನರಿಗೆ ಸೆಟ್ಟಿಗಿಂತ ಆ ಒಂದು ಪುಟದ ಅಗತ್ಯ ಹೆಚ್ಚಿದೆ. ಕಟ್ಟಿಸಿದವರು ಯಾರೆಂದು ಬಲ್ಲ ಉಳಿದವರು ಅವರ ಕಿವಿಗೆ ಈ ಮಾತನ್ನು ಮುಟ್ಟಿಸಬೇಕು. ನಿಮ್ಮ ಉದ್ಯಮ ಅಷ್ಟೊಂದು ದೊಡ್ಡದಲ್ಲ, ಒಬ್ಬರ ಗುರುತು ಇನ್ನೊಬ್ಬರಿಗಿರುತ್ತದೆ.

ಮುಂದೆ ನಮ್ಮ ಜಿಲ್ಲೆಗೆ ಬರುವವರಲ್ಲಿ ಕೇಳುವುದು ಇಷ್ಟು. ಒಪ್ಪಂದವನ್ನು ಕನ್ನಡದಲ್ಲಿ ಬರೆಯಿರಿ, ಸಹಿ ಹಾಕಿಸುವ ಮೊದಲು ಊರಿನ ನಾಲ್ಕು ಜನರ ಎದುರು ಗಟ್ಟಿಯಾಗಿ ಓದಿ. ಸೆಟ್ ಬಿಚ್ಚುವ ಖರ್ಚಿನಷ್ಟು ಹಣವನ್ನು ಮೊದಲೇ ಠೇವಣಿಯಾಗಿ ಇಡಿ. ಜಾಗ ಮೊದಲಿನಂತಾಗಿದೆ ಎಂದು ಊರು ಬರೆದುಕೊಟ್ಟ ಮೇಲೆ ಅದು ನಿಮಗೆ ಮರಳಿ ಬರಲಿ, ಇಲ್ಲವಾದರೆ ಅದೇ ಹಣದಲ್ಲಿ ಊರೇ ಬಿಚ್ಚಿಸಿಕೊಳ್ಳಲಿ. ಬಿಚ್ಚುವ ಎರಡು ಮೂರು ದಿನಗಳನ್ನು ಚಿತ್ರೀಕರಣದ ದಿನಗಳ ಲೆಕ್ಕದೊಳಗೆ ಸೇರಿಸಿ, ಅದು ಮುಗಿಯುವವರೆಗೆ ಕುಂಬಳಕಾಯಿ ಒಡೆಯಬೇಡಿ. ಒಡೆದ ಮೇಲೆ ಎಲ್ಲರಿಗೂ ಬಸ್ಸಿನ ಅವಸರ ಎಂಬುದನ್ನು ನಾವು ನೋಡಿದ್ದೇವೆ. ಊರಿನ ನಿಜವಾದ ಹೆಸರನ್ನು ತೆರೆಯ ಮೇಲೆ ತೋರಿಸಬೇಕೇ ಬೇಡವೇ ಎಂಬುದನ್ನು ಆ ಊರನ್ನೇ ಕೇಳಿ. ಕೆಲವು ಊರುಗಳು ಬೇಕೆನ್ನುತ್ತವೆ, ಕೆಲವು ಕೈಮುಗಿದು ಬೇಡವೆನ್ನುತ್ತವೆ. ಯಾರ ಮನೆಯನ್ನು ಬಳಸಿದ್ದೀರೋ ಅವರ ಒಪ್ಪಿಗೆಯಿಲ್ಲದೆ ಆ ಮನೆಯ ದಾರಿಯನ್ನು ನಿಮ್ಮ ಪ್ರಚಾರದ ಸಂದರ್ಶನಗಳಲ್ಲಿ ಹೇಳಬೇಡಿ.

ಈ ಸೆಟ್ಟಿನ ಮಟ್ಟಿಗೆ ಬಂದು ಬಿಚ್ಚುವವರ ಅನುಕೂಲಕ್ಕೆ ಕೆಲವು ವಿವರಗಳು. ಲಾರಿ ಸಂಕದವರೆಗೆ ಬರುತ್ತದೆ, ಅಲ್ಲಿಂದ ತಲೆಹೊರೆ. ಏಣಿ, ಹಗ್ಗ ಊರಿನಲ್ಲಿವೆ. ಕಬ್ಬಿಣ ಕತ್ತರಿಸುವ ಮತ್ತು ಮೊಳೆ ಕೀಳುವ ಸಾಮಾನನ್ನು ನೀವೇ ತರಬೇಕು. ಹೆಬ್ಬಲಸಿನ ಮೊಳೆಗಳನ್ನು ಮರೆಯಬಾರದು. ಮೈಲುಗಲ್ಲನ್ನು ಒಬ್ಬರೇ ಎತ್ತಬಹುದು. ಎಷ್ಟು ಜನ ಬರುತ್ತೀರೆಂದು ಹಿಂದಿನ ದಿನ ತಿಳಿಸಿದರೆ ಊಟಕ್ಕೆ ಮಾಡಿಸಿಡುತ್ತೇನೆಂದು ಆ ತಾಯಿ ಹೇಳಿದ್ದಾರೆ. ಕಾಣಿಕೆ ಡಬ್ಬಿಗೆ ಬೀಗ ಹಾಕಿದೆ, ಬೀಗದ ಕೈ ಯಾರ ಬಳಿಯೂ ಇಲ್ಲ. ಅದನ್ನು ಹಾಗೆಯೇ ಗೋಪುರದ ಜೊತೆಯಲ್ಲಿ ಲಾರಿಗೆ ಹಾಕಿಕೊಂಡು ಹೋಗಿ ಎಂದು ಎರಡನೆಯ ಸಭೆಯಲ್ಲಿ ತೀರ್ಮಾನವಾಗಿದೆ.

ಇಂತಿ ತಮ್ಮ ವಿಶ್ವಾಸಿ,
ಶಿರಸಿಯ ಒಬ್ಬ ನಿವೃತ್ತ ಕನ್ನಡ ಶಿಕ್ಷಕ